ಸಿಮೀಜ್ 147ರ ಪಶ್ಚಿಮಕ್ಕೆ ಕಾಣುತ್ತಿರುವ ಈ ಕಮಾನು ನಿಜವೇ? 27 ಗಂಟೆಯ ಓ-ತ್ರೀ ಡೇಟಾ, ಸಲಹೆ ಬೇಕು

ಚುಕ್ಕಿಬೇಟೆ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಸಿಮೀಜ್ 147ರ ಹಿಂದೆಯೇ ಬಿದ್ದಿದ್ದೇನೆ. ವೃಷಭ ಮತ್ತು ವಿಜಯಸಾರಥಿ ನಕ್ಷತ್ರಪುಂಜಗಳ ಗಡಿಯಲ್ಲಿರುವ ಸೂಪರ್‌ನೋವಾ ಅವಶೇಷ ಇದು, ಅಂದರೆ ಒಡೆದ ನಕ್ಷತ್ರದಿಂದ ಹರಡಿದ ಅನಿಲ. ಸ್ಪಗೆಟ್ಟಿ ನೀಹಾರಿಕೆ ಅಂದರೆ ಬೇಗ ಗೊತ್ತಾಗುತ್ತದೆ. ಅಗಲ ಸುಮಾರು 3 ಡಿಗ್ರಿ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಆದರೆ ಎಷ್ಟು ಮಸುಕು ಅಂದರೆ, ಒಂದು ಸಬ್ (ಆಮೇಲೆ ಒಟ್ಟು ಸೇರಿಸುವ ಬಿಡಿ ಫೋಟೋ) ತೆರೆದು ನೋಡಿದರೆ ಬರೀ ನಕ್ಷತ್ರಗಳೇ ಕಾಣುತ್ತವೆ.

ನನ್ನ ಬಳಿ ಇರುವುದು 51 ಮಿ.ಮೀ.ನ ಪುಟ್ಟ ದೂರದರ್ಶಕ. ಫೋಕಲ್ ಲೆಂತ್ 250 ಮಿ.ಮೀ. ಮೋನೋ ಕ್ಯಾಮೆರಾ, 3.76 ಮೈಕ್ರಾನ್ ಪಿಕ್ಸೆಲ್. ಒಂದು ಫ್ರೇಮಿಗೆ 5.4 × 3.6 ಡಿಗ್ರಿ ಆಕಾಶ ಸಿಗುತ್ತದೆ. ಎರಡೂ ಫಿಲ್ಟರ್ ಒಂದೊಂದೇ ಬಣ್ಣ ಬಿಡುವ 3 ನ್ಯಾನೋಮೀಟರ್‌ನವು. ಎಚ್-ಆಲ್ಫಾ (ಜಲಜನಕದ ಕೆಂಪು ಬೆಳಕು) 14 ಗಂಟೆ, ಓ-ತ್ರೀ (ಆಮ್ಲಜನಕದ ಹಸಿರು-ನೀಲಿ ಬೆಳಕು) 27 ಗಂಟೆ, ಎಲ್ಲವೂ 300 ಸೆಕೆಂಡಿನ ಸಬ್. ಓ-ತ್ರೀಯನ್ನು ಚಂದ್ರ ಇಲ್ಲದ ರಾತ್ರಿಗಳಲ್ಲಿ ಮಾತ್ರ ತೆಗೆದಿದ್ದೇನೆ.

ಎಚ್-ಆಲ್ಫಾ ಚೆನ್ನಾಗಿ ಬಂದಿದೆ, ಅದರ ಬಗ್ಗೆ ಚಿಂತೆ ಇಲ್ಲ. ಓ-ತ್ರೀಯಲ್ಲಿ ಮೊದಲ ಹತ್ತು ಗಂಟೆ ಏನೂ ಕಾಣಲಿಲ್ಲ. ಈಗ 27 ಗಂಟೆ ಸ್ಟ್ಯಾಕ್ ಮಾಡಿ (ಒಂದರ ಮೇಲೊಂದು ಸೇರಿಸಿ), ನಕ್ಷತ್ರ ತೆಗೆದು, ಗಟ್ಟಿಯಾಗಿ ಸ್ಟ್ರೆಚ್ ಮಾಡಿದಾಗ (ಮಸುಕನ್ನು ಬೆಳಗಿಸಿದಾಗ) ಎರಡು ವಿಷಯ ಕಾಣುತ್ತಿವೆ. ಒಂದು, ಆಗ್ನೇಯ ಭಾಗದಲ್ಲಿ ಕೆಂಪು ಎಳೆಯೊಂದರ ಪಕ್ಕದಲ್ಲೇ ಹೋಗುವ ಸಣ್ಣ ಎಳೆ. ಇನ್ನೊಂದು, ಪಶ್ಚಿಮದಲ್ಲಿ ಎಚ್-ಆಲ್ಫಾ ಚಿಪ್ಪಿನ ಹೊರಗೆ ಒಂದು ಡಿಗ್ರಿಗಿಂತ ಉದ್ದದ ಕಮಾನು. ಎರಡನೆಯದನ್ನು ಕಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಘಾತದ ಅಲೆಯ ಮುಂಭಾಗದಲ್ಲಿ ಓ-ತ್ರೀ, ಅದರ ಹಿಂದೆ ತಣ್ಣಗಾಗುತ್ತಿರುವ ಅನಿಲದಲ್ಲಿ ಎಚ್-ಆಲ್ಫಾ ಅಂತ ಓದಿದ್ದೇನೆ. ಕಮಾನು ಇರುವುದೂ ಸರಿಯಾಗಿ ಹೊರಗಡೆಯೇ. ನಾನು ನೋಡಿದ ಯಾವ ಫೋಟೋದಲ್ಲೂ ಇದಿಲ್ಲ. ಇದು ನಿಜ ಇರಬಹುದಾ?

ಹಳೇದುರ್ಬೀನು

27 ಗಂಟೆ ಒಂದೇ ಫಿಲ್ಟರಿಗೆ ಕೊಟ್ಟಿದ್ದೀರಲ್ಲ, ಅದಕ್ಕೇ ಮೊದಲು ಅಭಿನಂದನೆ. ಮೂರು ಪ್ರಶ್ನೆಗಳಿವೆ.

ಗ್ರೇಡಿಯಂಟ್ (ಹಿನ್ನೆಲೆಯ ಬೆಳಕಿನ ಏರಿಳಿತ) ತೆಗೆಯುವ ಮೊದಲೂ ಆ ಕಮಾನು ಇತ್ತಾ? ಅದರ ಎರಡೂ ಅಂಚು ಒಂದೇ ಥರ ನುಣುಪಾಗಿದೆಯಾ, ಇಲ್ಲ ಒಂದು ಕಡೆ ಚೂಪಾಗಿ ಇನ್ನೊಂದು ಕಡೆ ಕರಗುತ್ತದಾ? ಮತ್ತೆ, ನಿಮ್ಮ ಫ್ರೇಮಿನಲ್ಲಿ ಎಲ್ನಾತ್ ನಕ್ಷತ್ರ ಎಲ್ಲಿದೆ?

ಚುಕ್ಕಿಬೇಟೆ

ಈಗ ಮತ್ತೆ ನೋಡಿದೆ. ಗ್ರೇಡಿಯಂಟ್ ತೆಗೆಯುವ ಮೊದಲೂ ಇದೆ, ಹಿನ್ನೆಲೆಯ ಇಳಿಜಾರಿನ ಮೇಲೆ ತೆಳ್ಳಗೆ ಕೂತಿದೆ. ಎರಡೂ ಅಂಚು ನುಣುಪು, ಅಗಲವೂ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ. ಎಲ್ನಾತ್ ಫ್ರೇಮಿನಲ್ಲಿ ಇಲ್ಲ, ಪಶ್ಚಿಮದ ಅಂಚಿನಿಂದ ಸ್ವಲ್ಪವೇ ಹೊರಗಿದೆ.

ಹಳೇದುರ್ಬೀನು

ಆ "ಸ್ವಲ್ಪವೇ ಹೊರಗೆ" ಅನ್ನುವುದು ನನಗೆ ಸರಿ ಕಾಣುತ್ತಿಲ್ಲ.

ಲೆಕ್ಕ ನೋಡಿ. ನೀಹಾರಿಕೆಯ ನಡುಭಾಗದಿಂದ ಎಲ್ನಾತ್ ಸುಮಾರು 2.9 ಡಿಗ್ರಿ ದೂರ. ನಿಮ್ಮ ಫ್ರೇಮಿನ ಅರ್ಧ ಅಗಲ 2.7 ಡಿಗ್ರಿ. ಅಂದರೆ 1.65 ಕಾಂತಿಮಾನದ, ಅಂದರೆ ಬಲು ಪ್ರಕಾಶದ ನಕ್ಷತ್ರವೊಂದು ಸೆನ್ಸರಿನ ಅಂಚಿನಾಚೆ, ಬಾಗಿಲ ಹಿಂದೆ ನಿಂತ ಹಾಗೆ ನಿಂತಿದೆ. ಅದರ ಬೆಳಕು ದೂರದರ್ಶಕದ ಒಳಗಂತೂ ಬರುತ್ತಿದೆ, ಸೆನ್ಸರ್ ಮೇಲೆ ಮಾತ್ರ ಬೀಳುತ್ತಿಲ್ಲ. ಹಾಗಾದರೆ ಅದು ಎಲ್ಲಿ ಬೀಳುತ್ತಿದೆ? ಫಿಲ್ಟರಿನ ಅಂಚಿನ ಮೇಲೋ, ಅಡಾಪ್ಟರಿನ ಒಳಗೋಡೆಯ ಮೇಲೋ, ಎಲ್ಲೋ ಒಂದು ಕಡೆ. ಅಲ್ಲಿ ಹೊಳೆಯುವಂಥದ್ದು ಏನಾದರೂ ಇದ್ದರೆ ಚದುರಿ ಸೆನ್ಸರಿಗೆ ಬರುತ್ತದೆ. ದುಂಡಗಿನ ಭಾಗದಿಂದ ಚದುರಿದ ಬೆಳಕು ಬಹಳ ಸಲ ಕಮಾನಿನ ಹಾಗೇ ಕಾಣುತ್ತದೆ. ಎಲ್ನಾತ್ ಬಿಸಿಯಾದ ನೀಲಿ ನಕ್ಷತ್ರವೂ ಹೌದು. ಎಚ್-ಆಲ್ಫಾದ 656.3 ನ್ಯಾನೋಮೀಟರ್‌ಗಿಂತ ಓ-ತ್ರೀಯ 500.7ರಲ್ಲಿ ಹೆಚ್ಚು ಬೆಳಗುತ್ತದೆ. ಓ-ತ್ರೀಯಲ್ಲಿ ಮಾತ್ರ ಕಮಾನು ಕಾಣಲು ಇದೂ ಒಂದು ಕಾರಣ ಇರಬಹುದು.

ನುಣುಪಿನ ಬಗ್ಗೆ ಕೇಳಿದ್ದಕ್ಕೆ ಕಾರಣ ಇದೆ. ಇಂಥ ಅವಶೇಷಗಳಲ್ಲಿ ನಾವು ಎಳೆ ಅನ್ನುವುದು ನಿಜಕ್ಕೂ ದಾರದಂಥ ಎಳೆಯಲ್ಲ. ಅದು ಅಲೆಅಲೆಯಾಗಿ ಮಡಿಕೆ ಬಿದ್ದ ತೆಳು ಹಾಳೆ. ಕಿಟಕಿಗೆ ಹಾಕಿದ ತೆಳು ಪರದೆ ನೋಡಿ. ಬಟ್ಟೆ ಎದುರಿಗೆ ಇರುವ ಕಡೆ ಆಚೆ ಬದಿ ಕಾಣುತ್ತದೆ, ಮಡಿಕೆ ನಮ್ಮ ಕಡೆ ಅಂಚು ತಿರುಗಿಸಿದ ಕಡೆ ಗಾಢವಾದ ಗೆರೆ ಕಾಣುತ್ತದೆ. ಅನಿಲದ ಹಾಳೆಯೂ ನಮ್ಮ ನೋಟಕ್ಕೆ ಅಂಚು ಕೊಟ್ಟ ಕಡೆ ಮಾತ್ರ ಗೆರೆಯಾಗಿ ಹೊಳೆಯುತ್ತದೆ. ಹಾಗಾಗಿ ಅದರಲ್ಲಿ ಗಂಟು, ಕವಲು, ಒಂದು ಬದಿ ಚೂಪು ಒಂದು ಬದಿ ಮಸುಕು, ಇವೆಲ್ಲ ಇರುತ್ತವೆ. ಒಂದು ಡಿಗ್ರಿ ಉದ್ದಕ್ಕೂ ಒಂದೇ ಅಗಲ ಇದ್ದರೆ ಅನುಮಾನ ಪಡಬೇಕು.

ಕೃತ್ತಿಕೆ

ಹಳೇದುರ್ಬೀನು ಅವರ ಮಾತು ಒಪ್ಪುತ್ತೇನೆ. ಆದರೆ ನುಣುಪು ಅಂದ ಮಾತ್ರಕ್ಕೆ ಸುಳ್ಳು ಅಂತ ಬಿಡುವುದು ಬೇಡ. ಪರೀಕ್ಷೆ ಮಾಡಬಹುದು, ಅದಕ್ಕೆ ಹೊಸ ಡೇಟಾ ಕೂಡ ಬೇಡ. ಚುಕ್ಕಿಬೇಟೆಯವರೇ, ನಿಮ್ಮದು ಜರ್ಮನ್ ಇಕ್ವಟೋರಿಯಲ್ ಮೌಂಟ್ ತಾನೇ? ಪ್ರತಿ ರಾತ್ರಿ ಮೆರಿಡಿಯನ್ ಫ್ಲಿಪ್ ಆಗಿರುತ್ತದೆ, ಅಂದರೆ ವಸ್ತು ನಡುಆಕಾಶ ದಾಟಿದಾಗ ಮೌಂಟ್ ದೂರದರ್ಶಕವನ್ನು ಇನ್ನೊಂದು ಬದಿಗೆ ಹೊರಳಿಸುತ್ತದೆ. ಫ್ಲಿಪ್ ಆದ ಮೇಲೆ ಆಕಾಶಕ್ಕೆ ಹೋಲಿಸಿದರೆ ಕ್ಯಾಮೆರಾ 180 ಡಿಗ್ರಿ ತಿರುಗಿರುತ್ತದೆ. ಮೊದಲು ಸೆನ್ಸರಿನ ಎಡಕ್ಕಿದ್ದ ಎಲ್ನಾತ್ ಆಮೇಲೆ ಬಲಕ್ಕೆ ಬರುತ್ತದೆ.

ಹಾಗಾಗಿ ಓ-ತ್ರೀ ಸಬ್‌ಗಳನ್ನು ಎರಡು ಗುಂಪು ಮಾಡಿ, ಫ್ಲಿಪ್‌ಗೆ ಮೊದಲಿನವು ಒಂದು, ನಂತರದವು ಒಂದು. ಬೇರೆಬೇರೆ ಸ್ಟ್ಯಾಕ್ ಮಾಡಿ, ಎರಡಕ್ಕೂ ಒಂದೇ ಅಳತೆಯ ಸ್ಟ್ರೆಚ್ ಕೊಡಿ. ಆಕಾಶದಲ್ಲಿ ಇರುವುದು ಎರಡರಲ್ಲೂ ಅದೇ ನಕ್ಷತ್ರಗಳ ನಡುವೆ ಇರಲೇಬೇಕು. ಕ್ಯಾಮೆರಾದ ಒಂದು ಬದಿಯ ದೋಷವಾಗಿದ್ದರೆ ಒಂದರಲ್ಲಿ ಮಾತ್ರ ಬರುತ್ತದೆ. ಒಂದು ಎಚ್ಚರಿಕೆ: ಬೆಳಕು ಚದುರಿಸುತ್ತಿರುವುದು ಪೂರ್ತಿ ದುಂಡಗಿನ ಭಾಗವಾದರೆ, ತಿರುಗಿಸಿದರೂ ಅದೇ ಕಮಾನು ಬರಬಹುದು. ಆದ್ದರಿಂದ ಎರಡರಲ್ಲೂ ಕಂಡರೂ ಕೆಲಸ ಮುಗಿಯಲಿಲ್ಲ. ಫ್ರೇಮನ್ನು ಅರ್ಧ ಡಿಗ್ರಿ ಸರಿಸಿ ಮತ್ತೆ ತೆಗೆಯಬೇಕು. ನಿಜವಾದ ಎಳೆ ನಕ್ಷತ್ರಗಳ ಜೊತೆ ಇರುತ್ತದೆ. ಸುಳ್ಳು ಬೆಳಕು ಅವುಗಳ ಜೊತೆ ಹೋಗುವುದಿಲ್ಲ.

ಮಂಜುಮೋಡ

ಒಂದು ಸಂದೇಹ. ಸುಳ್ಳು ಬೆಳಕಾಗಿದ್ದರೆ ಫ್ಲ್ಯಾಟ್ (ಒಂದೇ ಸಮನೆ ಬೆಳಗಿದ ತೆರೆಯ ಫೋಟೋ) ಹಾಕಿದಾಗಲೋ ಸ್ಟ್ಯಾಕಿಂಗ್‌ನ ರಿಜೆಕ್ಷನ್‌ನಲ್ಲೋ ಹೋಗಬೇಕಿತ್ತಲ್ಲವೇ?

ಕೃತ್ತಿಕೆ

ಇಲ್ಲ, ಎರಡರಲ್ಲೂ ಹೋಗುವುದಿಲ್ಲ. ಫ್ಲ್ಯಾಟ್ ಸರಿಮಾಡುವುದು ಎಲ್ಲ ಕಡೆಯಿಂದ ಒಂದೇ ಸಮನೆ ಬರುವ ಬೆಳಕಿಗೆ ಎದುರಾಗುವ ಅಡ್ಡಿಗಳನ್ನು. ದೂಳಿನ ಉಂಗುರ, ಮೂಲೆಗಳ ಕತ್ತಲೆ, ಇಂಥವು. ಒಂದೇ ನಕ್ಷತ್ರದಿಂದ ಒಂದೇ ಕೋನದಲ್ಲಿ ಬಂದು ಚದುರಿದ ಬೆಳಕು ಫ್ಲ್ಯಾಟ್‌ಗೆ ಗೊತ್ತೇ ಇರುವುದಿಲ್ಲ.

ಇನ್ನು ರಿಜೆಕ್ಷನ್. ಅದು ಹೊರಗೆ ಹಾಕುವುದು ಅಪರೂಪಕ್ಕೆ ಬರುವುದನ್ನು. ಉಪಗ್ರಹದ ಗೆರೆ ನೂರರಲ್ಲಿ ಒಂದು ಸಬ್‌ನಲ್ಲಿ ಇರುತ್ತದೆ, ಅದಕ್ಕೇ ಹೋಗುತ್ತದೆ. ಈ ಕಮಾನು ಅರ್ಧಕ್ಕಿಂತ ಜಾಸ್ತಿ ಸಬ್‌ಗಳಲ್ಲಿ ಒಂದೇ ಜಾಗದಲ್ಲಿ ಇದ್ದರೆ, ಸಾಫ್ಟ್‌ವೇರ್ ಅದನ್ನೇ ನಿಜ ಅಂದುಕೊಳ್ಳುತ್ತದೆ. ಡಿದರ್ ಮಾಡಿದ್ದರೂ (ಸಬ್‌ನಿಂದ ಸಬ್‌ಗೆ ಫ್ರೇಮನ್ನು ತುಸು ಸರಿಸುವುದು) ಸರಿಯುವುದು ಕೆಲವೇ ಪಿಕ್ಸೆಲ್. ಅಷ್ಟು ಅಗಲದ ಮಸುಕಿಗೆ ಅದು ಏನೂ ಅಲ್ಲ.

ಮೊದಲಮೆಟ್ಟಿಲು

ಹಿರಿಯರ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಈಗಷ್ಟೇ ಶುರು ಮಾಡಿದ್ದೇನೆ. ಇಂಥ ಅವಶೇಷಗಳನ್ನು ತೆಗೆಯಬೇಕು ಅಂತ ತುಂಬ ಆಸೆ. ಯಾವುದರಿಂದ ಆರಂಭಿಸಲಿ? ಮತ್ತೆ, ದೊಡ್ಡ ವೀಕ್ಷಣಾಲಯಗಳು ಇರುವಾಗ ನಮ್ಮ ಇಷ್ಟು ಚಿಕ್ಕ ದೂರದರ್ಶಕಗಳಿಂದ ಹೊಸತೇನಾದರೂ ಸಿಗುವುದು ಸಾಧ್ಯವಾ?

ಹಳೇದುರ್ಬೀನು

ಕ್ಷಮೆ ಯಾಕೆ? ಕೇಳಿದ್ದು ಒಳ್ಳೆಯದಾಯಿತು.

ರಾಜಹಂಸ ನಕ್ಷತ್ರಪುಂಜದ ವೇಲ್ ನೀಹಾರಿಕೆಯಿಂದ ಶುರು ಮಾಡಿ. 1784ರಲ್ಲೇ ವಿಲಿಯಂ ಹರ್ಷೆಲ್ ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿದ್ದು ಅದು, ಅಷ್ಟು ಪ್ರಕಾಶ ಇದೆ. ಓ-ತ್ರೀ ಎಲ್ಲಿ, ಎಚ್-ಆಲ್ಫಾ ಎಲ್ಲಿ ಅಂತ ಬೇರೆಬೇರೆಯಾಗಿ ನೋಡಲು ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಆಮೇಲೆ ಮಿಥುನದ ಐಸಿ 443, ಜೆಲ್ಲಿಫಿಶ್ ಅನ್ನುತ್ತಾರಲ್ಲ ಅದು. ಅದಾದ ಮೇಲೆ ಈ ಸಿಮೀಜ್. ಕೈ ಪಳಗಿದ ಮೇಲೆ ಕುಂತಿ ಪುಂಜದಲ್ಲಿರುವ ಸಿಟಿಬಿ 1 ಹಿಡಿಯಿರಿ. ಖಗೋಳ ವಿಜ್ಞಾನಿ ಜಾರ್ಜ್ ಏಬೆಲ್ ಅದನ್ನು ಗ್ರಹೀಯ ನೀಹಾರಿಕೆ (ಸಾಯುತ್ತಿರುವ ಸಾಧಾರಣ ನಕ್ಷತ್ರ ಬಿಟ್ಟ ಅನಿಲ) ಅಂದುಕೊಂಡು ತಮ್ಮ ಪಟ್ಟಿಯಲ್ಲಿ 85ನೆಯದಾಗಿ ಸೇರಿಸಿದ್ದರು. ದುಂಡಗಿನ ಗುಳ್ಳೆ, ಒಂದು ಕಡೆ ಒಡೆದ ಹಾಗಿದೆ. ಯುಧಿಷ್ಠಿರ ಪುಂಜದಲ್ಲಿ ಸಿಟಿಎ 1 ಇದೆ, ಅದು ಇನ್ನೂ ಕಷ್ಟ. ಅದರೊಳಗಿನ ಪಲ್ಸಾರನ್ನು (ಒಡೆದ ನಕ್ಷತ್ರದ ಗಿರಗಿರ ಸುತ್ತುವ ತಿರುಳು) 2008ರಲ್ಲಿ ಫರ್ಮಿ ಬಾಹ್ಯಾಕಾಶ ದೂರದರ್ಶಕ ಗ್ಯಾಮಾ ಕಿರಣಗಳಲ್ಲೇ ಪತ್ತೆ ಮಾಡಿತು. ರಾಜಹಂಸದಲ್ಲೇ ಜಿ65.3+5.7 ಅಂತ ಇನ್ನೊಂದಿದೆ, ಸುಮಾರು 4 ಡಿಗ್ರಿ ಉದ್ದ, ಹೆಚ್ಚಾಗಿ ಓ-ತ್ರೀಯಲ್ಲೇ ಕಾಣುವುದು. ಆ ಹೆಸರಿನ ಅಂಕಿಗಳು ಆಕಾಶಗಂಗೆಯ ರೇಖಾಂಶ ಮತ್ತು ಅಕ್ಷಾಂಶ. ಹೆಸರೇ ವಿಳಾಸ.

ಎರಡನೇ ಪ್ರಶ್ನೆ ನನ್ನ ಮನಸ್ಸಿಗೆ ಹತ್ತಿರದ್ದು. ದೊಡ್ಡ ದೂರದರ್ಶಕದ ನೋಟ ಕಿರಿದು. 3 ಡಿಗ್ರಿಯ ವಸ್ತುವನ್ನು ಅದು ತುಂಡುತುಂಡಾಗಿ ನೋಡಬೇಕು, ಒಂದೇ ಫಿಲ್ಟರಿಗೆ ನೂರು ಗಂಟೆ ಕೊಡುವಷ್ಟು ಸಮಯ ಅಲ್ಲಿ ಯಾರಿಗೂ ಸಿಗುವುದಿಲ್ಲ. ಹರಡಿದ ಮಸುಕನ್ನು ಹಿಡಿಯಲು ಕನ್ನಡಿಯ ಗಾತ್ರಕ್ಕಿಂತ ಎಫ್ ಅನುಪಾತ (ಫೋಕಲ್ ಲೆಂತನ್ನು ವ್ಯಾಸದಿಂದ ಭಾಗಿಸಿದ್ದು) ಮತ್ತು ಸಮಯ ಮುಖ್ಯ. ಅವೆರಡೂ ನಮ್ಮ ಕೈಯಲ್ಲಿವೆ.

ಆಂಡ್ರೊಮೆಡಾ ಗ್ಯಾಲಕ್ಸಿಯ ಪಕ್ಕದ ಓ-ತ್ರೀ ಕಮಾನು ನೆನಪಿದೆಯಾ? ಜಗತ್ತಿನಲ್ಲಿ ಅತಿ ಹೆಚ್ಚು ಫೋಟೋ ತೆಗೆದ ಗ್ಯಾಲಕ್ಸಿಗಳಲ್ಲಿ ಅದೂ ಒಂದು. ಆದರೂ ಆ ಕಮಾನನ್ನು 2022ರಲ್ಲಿ ಮೊದಲು ಕಂಡವರು ಸ್ಟ್ರಾಟ್ನರ್, ಡ್ರೆಕ್ಸ್‌ಲರ್, ಸೇಂಟಿ ಎಂಬ ಹವ್ಯಾಸಿಗಳು, 106 ಮಿ.ಮೀ. ದೂರದರ್ಶಕದಲ್ಲಿ, ನೂರಕ್ಕೂ ಹೆಚ್ಚು ಗಂಟೆಯ ಎಕ್ಸ್‌ಪೋಷರ್‌ನಿಂದ. 2023ರ ಜನವರಿಯಲ್ಲಿ ಪ್ರಕಟವಾಯಿತು. ಬೇರೆ ದೂರದರ್ಶಕ, ಬೇರೆ ಕ್ಯಾಮೆರಾದಿಂದ ಮತ್ತೆ ತೆಗೆಸಿ ಖಚಿತ ಮಾಡಿಕೊಂಡ ಮೇಲೆಯೇ ಅವರು ಹೇಳಿದ್ದು. ಈಗ ಚುಕ್ಕಿಬೇಟೆಯವರು ಮಾಡಬೇಕಾಗಿರುವುದೂ ಅದನ್ನೇ. 2024ರಲ್ಲಿ ಖಗೋಳ ವಿಜ್ಞಾನಿ ರಾಬರ್ಟ್ ಫೆಸೆನ್ ಅವರ ತಂಡ ಹವ್ಯಾಸಿಗಳ ಜೊತೆ ಸೇರಿ ಒಂಬತ್ತು ಹಳೆಯ ಮತ್ತು ಮೂರು ಹೊಸ ಅವಶೇಷಗಳ ಆಳವಾದ ಚಿತ್ರಗಳನ್ನು ಪ್ರಬಂಧವಾಗಿ ತಂದಿತು. ಹೌದು ಮಗಾ, ಸಾಧ್ಯ ಇದೆ.

ಮೊದಲಮೆಟ್ಟಿಲು

ತುಂಬ ಧನ್ಯವಾದ ಸರ್. ವೇಲ್‌ನಿಂದಲೇ ಶುರು ಮಾಡುತ್ತೇನೆ.

ಚುಕ್ಕಿಬೇಟೆ

ಕೃತ್ತಿಕೆಯವರು ಹೇಳಿದ ಹಾಗೆ ಮಾಡಿದೆ. ಒಟ್ಟು 324 ಓ-ತ್ರೀ ಸಬ್. ಫ್ಲಿಪ್‌ಗೆ ಮೊದಲು 190, ನಂತರ 134.

ಮೊದಲ ಗುಂಪಿನಲ್ಲಿ ಕಮಾನು ಇದೆ, ಮೊದಲಿಗಿಂತ ಗಟ್ಟಿಯಾಗಿಯೇ ಇದೆ. ಎರಡನೇ ಗುಂಪಿನಲ್ಲಿ ಇಲ್ಲ. ಆ ಜಾಗ ಖಾಲಿ. ಸಬ್ ಕಡಿಮೆ ಇರುವುದರಿಂದ ಕಾಣುತ್ತಿಲ್ಲವೇನೋ ಅಂತ ಮನಸ್ಸು ಹೇಳುತ್ತಿತ್ತು. ಲೆಕ್ಕ ಹಾಕಿದೆ. 190ಕ್ಕೆ ಹೋಲಿಸಿದರೆ 134ರಲ್ಲಿ ನಾಯ್ಸ್ (ಚಿತ್ರದ ಕಾಳುಕಾಳು) ಜಾಸ್ತಿಯಾಗುವುದು ಶೇ. 20ರಷ್ಟು ಮಾತ್ರ. ಅಷ್ಟಕ್ಕೆ ಅಷ್ಟು ಎದ್ದು ಕಾಣುವ ಕಮಾನು ಮಾಯವಾಗಲು ಸಾಧ್ಯವಿಲ್ಲ. ಅದು ಆಕಾಶದಲ್ಲಿ ಇಲ್ಲ.

ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಸ್ವಲ್ಪ ಹೊತ್ತು ಕಂಪ್ಯೂಟರ್ ಮುಚ್ಚಿ ಹೊರಗೆ ಹೋಗಿ ನಿಂತಿದ್ದೆ. ವಾಪಸ್ ಬಂದು ಆಗ್ನೇಯದ ಆ ಸಣ್ಣ ಎಳೆ ನೋಡಿದೆ. ಅದು ಎರಡು ಗುಂಪಿನಲ್ಲೂ ಇದೆ, ಅದೇ ಎರಡು ನಕ್ಷತ್ರಗಳ ನಡುವೆ ಹಾದುಹೋಗುತ್ತದೆ, ಎರಡರಲ್ಲೂ ಅದೇ ಜಾಗದಲ್ಲಿ ಬಾಗುತ್ತದೆ.

ಮಂಜುಮೋಡ

ಕಮಾನನ್ನು ಮಾಸ್ಕ್ ಹಾಕಿ (ಆ ಜಾಗವನ್ನಷ್ಟೇ ಆರಿಸಿ) ತೆಗೆದುಬಿಡಿ, ಉಳಿದದ್ದಕ್ಕೆ ನಾಯ್ಸ್ ಇಳಿಸುವ ಎಐ ಡಿನಾಯ್ಸ್ ಕೊಡಿ. ಒಳ್ಳೆ ಚಿತ್ರ ಬರುತ್ತದೆ. 27 ಗಂಟೆ ವ್ಯರ್ಥ ಆಗಬಾರದು.

ಕೃತ್ತಿಕೆ

ಇದನ್ನು ಒಪ್ಪುವುದು ನನಗೆ ಕಷ್ಟ ಮಂಜುಮೋಡ ಅವರೇ. ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಮಾಸ್ಕ್ ಹಾಕುವುದು ಅಂದರೆ, ಅಲ್ಲಿ ಏನಿದೆ ಏನಿಲ್ಲ ಅನ್ನುವುದನ್ನು ನಾವೇ ತೀರ್ಮಾನ ಮಾಡಿದ ಹಾಗೆ. ಆ ಕಮಾನಿನ ಕೆಳಗೆ ನಿಜವಾದ ಮಸುಕು ಇದ್ದರೆ ಅದೂ ಹೋಗುತ್ತದೆ. 190 ಸಬ್‌ಗಳ ಪಶ್ಚಿಮ ಭಾಗವನ್ನು ಮಾತ್ರ ಬಿಟ್ಟು, ಅಲ್ಲಿಗೆ 134ರದ್ದನ್ನಷ್ಟೇ ಬಳಸಲಿ, ನಾಯ್ಸ್ ಇದ್ದರೂ ಇರಲಿ. ಉಳಿದ ಕಡೆ ಎಲ್ಲ 324 ಬಳಸಬಹುದು. ಏನೂ ವ್ಯರ್ಥವಾಗುವುದಿಲ್ಲ.

ಡಿನಾಯ್ಸ್ ನಾನೂ ಬಳಸುತ್ತೇನೆ, ಪ್ರಕಾಶ ಇರುವ ವಸ್ತುಗಳಿಗೆ. ಆದರೆ ನಾಯ್ಸ್‌ನ ಮಟ್ಟದಲ್ಲೇ ಇರುವ ಎಳೆಗಳಿಗೆ ಗಟ್ಟಿಯಾಗಿ ಕೊಟ್ಟರೆ ಅಕ್ಕಪಕ್ಕದ ಚುಕ್ಕೆಗಳು ಸೇರಿ ಗೆರೆ ಆಗಿಬಿಡುತ್ತವೆ. ಒಮ್ಮೆ ಸಿಟಿಎ 1ರಲ್ಲಿ ನನಗೆ ಹಾಗೆ ಆಗಿತ್ತು. ಮೂರು ಚಂದದ ಎಳೆ ಬಂದಿದ್ದವು. ಅದೇ ಡೇಟಾವನ್ನು ಬೆಸ ರಾತ್ರಿ, ಸರಿ ರಾತ್ರಿ ಅಂತ ಎರಡು ಭಾಗ ಮಾಡಿ ಬೇರೆಬೇರೆ ಡಿನಾಯ್ಸ್ ಕೊಟ್ಟೆ. ಒಂದು ಎಳೆ ಎರಡರಲ್ಲೂ ಉಳಿಯಿತು. ಉಳಿದೆರಡು ಪ್ರತಿ ಸಲ ಬೇರೆ ಜಾಗಕ್ಕೆ ಹೋದವು. ಆಮೇಲಿಂದ ಮಸುಕಿನ ಕೆಲಸಕ್ಕೆ ಸುಮ್ನೆ ಪಿಕ್ಸೆಲ್ ಬಿನ್ ಮಾಡುತ್ತೇನೆ, ಅಂದರೆ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಒಂದಾಗಿಸುತ್ತೇನೆ. 2 × 2 ಬಿನ್ ಮಾಡಿದರೆ ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ, ಇಲ್ಲದ್ದನ್ನು ತಂದು ಇಡುವುದಿಲ್ಲ. ಗ್ರೇಡಿಯಂಟ್ ತೆಗೆಯುವಾಗಲೂ ಅಷ್ಟೇ, ನೀಹಾರಿಕೆಯ ಮೇಲೆ ಹಿನ್ನೆಲೆ ಅಳೆಯುವ ಒಂದು ಸ್ಯಾಂಪಲ್ ಬಿಂದು ಕೂತರೂ ಅಲ್ಲಿನ ಮಸುಕು ಹಿನ್ನೆಲೆ ಅಂತ ಕಳೆದುಹೋಗುತ್ತದೆ.

ಮಂಜುಮೋಡ

ಬೆಸ-ಸರಿ ರಾತ್ರಿಯ ಉಪಾಯ ನನಗೆ ಗೊತ್ತಿರಲಿಲ್ಲ. ನನ್ನ ಹಳೇ ಸಿಟಿಬಿ 1ಕ್ಕೆ ಇವತ್ತೇ ಮಾಡಿ ನೋಡುತ್ತೇನೆ.

ಹಳೇದುರ್ಬೀನು

ಚುಕ್ಕಿಬೇಟೆಯವರೇ, ಈಗ ಕಾರಣ ಹುಡುಕೋಣ. ಫ್ಲಿಪ್‌ನ ಒಂದೇ ಬದಿಗೆ ಬರುತ್ತದೆ ಅಂದರೆ ಹೊಳೆಯುವ ಭಾಗ ಪೂರ್ತಿ ದುಂಡಗಿಲ್ಲ, ಒಂದು ಕಡೆ ಮಾತ್ರ ಇದೆ. ಎಚ್-ಆಲ್ಫಾದಲ್ಲಿ ಇಲ್ಲ ಅಂದರೆ ಅದು ಓ-ತ್ರೀ ಫಿಲ್ಟರಿನ ಹತ್ತಿರವೇ ಇದೆ. ಕ್ಯಾಮೆರಾ ಬಿಚ್ಚಿ, ಕೋಣೆ ಕತ್ತಲೆ ಮಾಡಿ, ಸೆನ್ಸರ್ ಕಡೆಯಿಂದ ಫಿಲ್ಟರ್ ವೀಲ್ ಒಳಗೆ ನೋಡಿ. ಎದುರುಗಡೆಯಿಂದ ಯಾರಾದರೂ ಸಣ್ಣ ಟಾರ್ಚನ್ನು ಓರೆಯಾಗಿ ಹಿಡಿದು ನಿಧಾನಕ್ಕೆ ಸುತ್ತಲಿ. ಮಿನುಗುವ ಜಾಗವೇ ಅದು.

ಚುಕ್ಕಿಬೇಟೆ

ಸಿಕ್ಕಿತು!

ಅಕ್ಕ ಟಾರ್ಚ್ ಹಿಡಿದಳು, ನಾನು ನೋಡಿದೆ. ನನ್ನ ಫಿಲ್ಟರ್‌ಗಳು ರಿಂಗ್ ಇಲ್ಲದ ಬರೀ ಗಾಜು, ವೀಲ್‌ನಲ್ಲಿ ಒಂದೊಂದಕ್ಕೆ ಮೂರು ಪುಟ್ಟ ಸ್ಕ್ರೂ ಹಿಡಿದಿರುತ್ತವೆ. ಓ-ತ್ರೀಯ ಒಂದು ಸ್ಕ್ರೂವಿನ ತಲೆಯ ಕಪ್ಪು ಕಿತ್ತುಹೋಗಿತ್ತು. ಸ್ಕ್ರೂಡ್ರೈವರ್ ಜಾರಿದ ಗುರುತು, ಉಗುರಿನ ತುದಿಯಷ್ಟೂ ಇಲ್ಲ. ಅದರ ಪಕ್ಕದಲ್ಲೇ ಗಾಜಿನ ಅಂಚಿಗೂ ಕಪ್ಪು ಇರಲಿಲ್ಲ. ಟಾರ್ಚ್ ಒಂದು ಕೋನಕ್ಕೆ ಬಂದಾಗ ಎರಡೂ ಸೇರಿ ಬಾಗಿದ ಗೆರೆಯಾಗಿ ಹೊಳೆದವು. ನೋಡಿದ ತಕ್ಷಣ ಗುರುತು ಸಿಕ್ಕಿತು, ಅದೇ ಕಮಾನು!

ಮರುರಾತ್ರಿ ಏನೂ ಸರಿಮಾಡದೆ ಒಂದು ಪರೀಕ್ಷೆ ಮಾಡಿದೆ. ಎಲ್ನಾತ್ ಫ್ರೇಮಿನ ಹೊರಗೆ ಅದೇ ಬದಿಗೆ ಬರುವ ಹಾಗೆ ನೀಹಾರಿಕೆಯೇ ಇಲ್ಲದ ದಿಕ್ಕಿಗೆ ತಿರುಗಿಸಿ ಹತ್ತು ಸಬ್ ತೆಗೆದೆ. ಅಲ್ಲೂ ಕಮಾನು ಬಂತು. ಆಮೇಲೆ ಸ್ಕ್ರೂ ತಲೆಗೂ ಗಾಜಿನ ಅಂಚಿಗೂ ಮ್ಯಾಟ್ ಕಪ್ಪು ಬಣ್ಣ ಹಚ್ಚಿ ಒಂದು ದಿನ ಪೂರ್ತಿ ಒಣಗಲು ಬಿಟ್ಟೆ. ಮತ್ತೆ ಅದೇ ದಿಕ್ಕು, ಹತ್ತು ಸಬ್. ಏನೂ ಇಲ್ಲ.

ಕೃತ್ತಿಕೆ

ಎಷ್ಟು ಚೆನ್ನಾಗಿ ಮಾಡಿದ್ದೀರಿ! ನೀಹಾರಿಕೆ ಇಲ್ಲದ ಕಡೆ ತೆಗೆದು ನೋಡಿದ್ದು ನನಗೂ ಹೊಳೆದಿರಲಿಲ್ಲ. ಮುಂದಿನ ಸಲ ಫ್ರೇಮನ್ನು ಅರ್ಧ ಡಿಗ್ರಿ ಪೂರ್ವಕ್ಕೆ ಸರಿಸಿಬಿಡಿ, ಎಲ್ನಾತ್ ಅಂಚಿನಿಂದ 0.7 ಡಿಗ್ರಿ ಆಚೆ ಹೋಗುತ್ತದೆ. ಸಾಧ್ಯವಾದರೆ ಆ ಆಗ್ನೇಯದ ಎಳೆಗೆ ಎಸ್-ಟೂ (ಗಂಧಕದ ಫಿಲ್ಟರ್) ಕೂಡ ತೆಗೆಯಿರಿ. ಗಂಧಕದ ಬೆಳಕು ಎಚ್-ಆಲ್ಫಾದ 0.4ರಷ್ಟಕ್ಕಿಂತ ಹೆಚ್ಚಿದ್ದರೆ ಆಘಾತದಿಂದ ಬೆಳಗುತ್ತಿರುವ ಅನಿಲ ಅಂತ ಹೇಳಲು ಬಲ ಬರುತ್ತದೆ. ನಕ್ಷತ್ರಗಳ ಬೆಳಕಿನಿಂದ ಹೊಳೆಯುವ ಮಾಮೂಲಿ ಜಲಜನಕ ಮೋಡಗಳಲ್ಲಿ ಅದು ಸಾಮಾನ್ಯವಾಗಿ ಕಡಿಮೆ ಇರುತ್ತದೆ.

ಹಳೇದುರ್ಬೀನು

ಇನ್ನೊಂದು ಮಾತು, ನಿಮ್ಮ ಫ್ರೇಮಿನಲ್ಲೇ ಇರುವುದರ ಬಗ್ಗೆ. 1952ರಲ್ಲಿ ಕ್ರಿಮಿಯಾದ ಸಿಮೀಜ್‌ನಲ್ಲಿ ಗ್ರಿಗೊರಿ ಶಾಯ್ನ್ ಮತ್ತು ವೆರಾ ಗಾಜೆ ಫೋಟೋ ಪ್ಲೇಟ್‌ಗಳಲ್ಲಿ ಈ ನೀಹಾರಿಕೆಯನ್ನು ಕಂಡಾಗ, ಒಡೆದ ನಕ್ಷತ್ರದಿಂದ ಉಳಿದದ್ದು ಏನು ಅಂತ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಪಿಎಸ್ಆರ್ ಜೆ0538+2817 ಅನ್ನುವ ಪಲ್ಸಾರ್ ಒಂದು. ಅದು ನಮಗೆ ಕಾಣುವುದಿಲ್ಲ. ಇನ್ನೊಂದು ಎಚ್‌ಡಿ 37424 ಎಂಬ ಬಿಸಿ ನಕ್ಷತ್ರ, ಒಡೆದ ನಕ್ಷತ್ರದ ಜೊತೆಗಾರನಾಗಿತ್ತು. ಎರಡರ ಚಲನೆಯನ್ನೂ ಹಿಂದಕ್ಕೆ ಎಳೆದರೆ ಸುಮಾರು 30,000 ವರ್ಷ ಹಿಂದೆ ನೀಹಾರಿಕೆಯ ನಡುವೆ ಒಂದೇ ಜಾಗದಲ್ಲಿ ಸೇರುತ್ತವೆ. ಆ ನಕ್ಷತ್ರ ನಿಮ್ಮ ಪ್ರತಿ ಸಬ್‌ನಲ್ಲೂ ಇದೆ. ಹುಡುಕಿ ನೋಡಿ.

ಚುಕ್ಕಿಬೇಟೆ

ಮೂರು ವಾರ ಆಯಿತು. ಮೋಡದ ನಡುವೆ ಆರು ರಾತ್ರಿ ಸಿಕ್ಕವು. ಸರಿಸಿದ ಫ್ರೇಮ್, ಕಪ್ಪು ಹಚ್ಚಿದ ಸ್ಕ್ರೂ, ಓ-ತ್ರೀ ಇನ್ನೂ 19 ಗಂಟೆ.

ಪಶ್ಚಿಮದಲ್ಲಿ ಏನೂ ಇಲ್ಲ, ಫ್ಲಿಪ್‌ನ ಎರಡೂ ಬದಿಗೆ. ಆಗ್ನೇಯದ ಎಳೆ ಹೊಸ ಡೇಟಾದಲ್ಲಿ ಮಾತ್ರ ನೋಡಿದರೂ ಇದೆ. ಈಗ ಹೊರ ಅಂಚು ಚೂಪಾಗಿ ಕಾಣುತ್ತಿದೆ, ಒಳಗಡೆ ಮೆಲ್ಲಗೆ ಕರಗುತ್ತದೆ. ನಡುವೆ ಒಂದು ಕಡೆ ಎರಡಾಗಿ ಕವಲೊಡೆದು ಮತ್ತೆ ಸೇರುತ್ತದೆ. ಎಚ್-ಆಲ್ಫಾದ ಎಳೆ ಅದಕ್ಕಿಂತ ಮೂರು ಪಿಕ್ಸೆಲ್ ಒಳಗಿದೆ, ಉದ್ದಕ್ಕೂ ಹಾಗೆಯೇ ಜೊತೆಯಲ್ಲಿ ಹೋಗುತ್ತದೆ.

ಎಚ್‌ಡಿ 37424 ಸಿಕ್ಕಿತು ಸರ್. ನಕ್ಷತ್ರ ತೆಗೆದ ಚಿತ್ರದ ಮೇಲೆ ಅದೊಂದನ್ನು ಮಾತ್ರ ವಾಪಸ್ ಇಟ್ಟಿದ್ದೇನೆ. ಬರುವ ಅಮಾವಾಸ್ಯೆಗೆ ಎಸ್-ಟೂ ಶುರು.